ಜೋಳದ ಕಾಳು, ತೊಗರಿ ಕಾಳು ಮತ್ತು ನನ್ನ ಮೈದುನ

ನನ್ನ ಮೈದುನ ಕೂತು ಊಟ ಮಾಡಿದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ! ಕಮಲಾಪುರದ ಸೊಸೆಯಾಗಿ ಬಂದು ಎಂಟು ವರ್ಷವಾದರೂ ನಾನಂತೂ ಕಂಡಿರಲಿಲ್ಲ. ಕಲಬುರಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಸ್ಟೇಶನ್ ಬಜಾರದಲ್ಲಿ ಬಾಡಿಗೆ ಖೋಲಿ. ಶನಿವಾರ ಊರಿಗೆ ಬರುವ ಬಸ್ಸು ಖಾಲಿಯಿದ್ದರೂ ನಿಂತೇ ಬರುತ್ತಿದ್ದ.

ಹೆಣ್ಣು ನೋಡಲು ಹೋದಾಗಲೂ ಅಷ್ಟೇ. ಏನು ಸಂಶೋಧನೆ ಎಂದು ಹುಡುಗಿಯ ತಂದೆ ಕೇಳಿದ್ದೇ ತಡ, ಎದ್ದು ಅಡ್ಡಾಡುತ್ತ ಶುರು ಮಾಡಿದ. ಎಷ್ಟೇ ಥಂಡಿ ಮಾಡಿದರೂ ಜಲಜನಕದ ಪರಮಾಣು ಒಂದು ಕಡೆ ನಿಲ್ಲುವುದಿಲ್ಲವಂತೆ. ಅದೇ ಜಾತಿಯ, ದುಪ್ಪಟ್ಟು ತೂಕದ ಇನ್ನೊಂದಿದೆಯಂತೆ. ಅದು ಕಡಿಮೆ ಅಲೆಯುತ್ತದೆ, ಹೀಗಾಗಿ ಆಮ್ಲಜನಕದೊಡನೆ ಎರಡರ ಬಂಧದ ಉದ್ದವೂ ಬೇರೆಬೇರೆಯಂತೆ. ಆ ಹಿರಿಯರು ಎಲ್ಲ ಕೇಳಿಸಿಕೊಂಡು, "ಅದು ಇರಲಿ ಬಿಡ್ರಿ, ನೀವರೆ ಒಂದ ಕಡಿ ನಿಂದರತೀರೋ ಇಲ್ಲೋ?" ಎಂದರು. ಸಂಬಂಧ ಅಷ್ಟಕ್ಕೇ ಮುರಿಯಿತು.

ಈ ಅಲೆದಾಟದ ಲೆಕ್ಕ ಹಾಕಲು ಕಾಲೇಜಿನ ಒಂದೇ ಕಂಪ್ಯೂಟರಿನಲ್ಲಿ ಅವನಿಗೆ ವಾರಕ್ಕೆ ಎರಡು ತಾಸು. ಸರಿಯಾಗಿ ಅವನ ಪಾಳಿಗೇ ಕರೆಂಟು ಹೋಗಬೇಕೇ? ಸಿಟ್ಟಿಗೆದ್ದು ಪರಮಾಣುವನ್ನು ನಮ್ಮ ಪಡಸಾಲೆಗೇ ತಂದುಬಿಟ್ಟ! ನೆಲದ ಫರಸಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಾಲು ಮನೆಗಳನ್ನು ಬರೆದ. ತುದಿಯಲ್ಲಿಟ್ಟ ಹುಣಸೆ ಬೀಜ ಆಮ್ಲಜನಕ. ಹಗುರ ಜಲಜನಕಕ್ಕೆ ಜೋಳದ ಕಾಳು, ಭಾರದ್ದಕ್ಕೆ ತೊಗರಿ ಕಾಳು. ಕವಡೆಯಲ್ಲಿ ಯಾವ ಗರ ಬಿದ್ದರೆ ಯಾವ ಕಾಳು ಎಷ್ಟು ಮನೆ ಸರಿಯಬೇಕೆಂಬ ಪಟ್ಟಿ ಗೋಡೆಗೆ ಅಂಟಿತು. ವಾರವಿಡೀ ಕವಡೆ ಹಾಕಿ ಕಾಳು ನಡೆಸಲು ನಮ್ಮತ್ತೆ, ಬರೆದಿಡಲು ನಾನು. ಚೌಕಾಬಾರದಲ್ಲಿ ಇಡೀ ಓಣಿಯನ್ನೇ ಸೋಲಿಸಿದ ಅತ್ತೆಗೆ ವಿಜ್ಞಾನ ಯಾವ ಲೆಕ್ಕ?

ತಿಂಗಳಾಯಿತು. ಸೋಮವಾರ ಅವನು ದೊಡ್ಡ ಪಂಡಿತರ ಮುಂದೆ ಈ ಲೆಕ್ಕದ ಪ್ರಬಂಧ ಓದಬೇಕಿತ್ತು. ಶನಿವಾರ ಬಂದು ನಾನು ಬರೆದಿಟ್ಟ ವಹಿ ತೆರೆದವನ ಮುಖ ಬಿಳಿಚಿತು. ಜೋಳದ ಕಾಳು ತೊಗರಿಗಿಂತಲೂ ಗಟ್ಟಿಯಾಗಿ ಹುಣಸೆ ಬೀಜಕ್ಕೆ ಅಂಟಿಕೊಂಡಿದೆ! ಇದು ಖರೆಯಾದರೆ ಅವನ ಐದು ವರ್ಷದ ಮಾತೆಲ್ಲ ಸುಳ್ಳು. ಅಂಗಳಕ್ಕೂ ಪಡಸಾಲೆಗೂ ಅಡ್ಡಾಡಿ ಅಡ್ಡಾಡಿ ಕೊನೆಗೆ ತನ್ನೆದುರೇ ಕವಡೆ ಹಾಕಲು ಅತ್ತೆಗೆ ಹೇಳಿದ. ಗರ ಬಿತ್ತು, ಪಟ್ಟಿಯ ಪ್ರಕಾರ ಜೋಳದ ಕಾಳು ನಾಲ್ಕು ಮನೆ ಆಚೆ ಹೋಗಬೇಕು. ಅತ್ತೆ ಒಂದೇ ಮನೆ ಸರಿಸಿದರು.

"ಅವ್ವಾ, ಕವಡಿ ನಾಕು ಅಂದಾವ."

"ಅನ್ಲಿ ಬಿಡೋ. ಸಣ್ಣ ಕಾಳದು. ಅಷ್ಟು ದೂರ ಅದೊಂದ ಹೋಗಿ ಏನ ಮಾಡ್ತದ? ಇಲ್ಲೇ ಹಂತೇಕ ಇರಲಿ."

ನನಗೆ ಗೊತ್ತಿತ್ತು. ದಿನವೂ ನೋಡುತ್ತಿದ್ದೆ. ಬರೆಯುವುದಷ್ಟೇ ನನ್ನ ಕೆಲಸವೆಂದು ಸುಮ್ಮನಿದ್ದೆ. ಈಗ ಮನೆ ಹಾರಿಹೋಗುವಂತೆ ಕೂಗಾಡುತ್ತಾನೆ ಎಂದು ಹೆದರಿದೆ.

ಅವನು ಕೂಗಾಡಲಿಲ್ಲ. ವಹಿಯ ಪುಟಪುಟಕ್ಕೂ ಗೀಟು ಹೊಡೆದ. ಸೋಮವಾರ ಓದುವುದಿಲ್ಲ ಎಂದ. ತಾನೇನೋ ಕೆಡಿಸಿದೆನೆಂದು ತಿಳಿದ ಅತ್ತೆ ಕವಡೆ ಬಳಿದುಕೊಳ್ಳುತ್ತಿದ್ದರು. ಅವನು ಕಾಳನ್ನು ಮೊದಲ ಮನೆಗೆ ತಂದಿಟ್ಟ.

"ಮತ್ತ ಹಾಕವ್ವಾ. ಈ ಸಲ ದೂರ ಹೋದ್ರ ಹೋಗ್ಲಿ, ತಡೀಬ್ಯಾಡ. ಹೋದದ್ದು ಹೊಳ್ಳಿ ಬರ್ತದ. ನಾ ವಾರಾ ವಾರಾ ಬರಂಗಿಲ್ಲೇನು?"

ಅತ್ತೆ ಹಾಕಿದರು. ಆರು ಮನೆ. ಒಂದೊಂದಾಗಿ ಎಣಿಸಿ ಆರನೆಯದರಲ್ಲಿ ಇಟ್ಟರು, ಆದರೆ ಬೆರಳು ತೆಗೆಯಲಿಲ್ಲ. "ಸಾವಕಾಶ ಹೋಗಪಾ" ಎಂದು ಆ ಕಾಳಿಗೆ ಹೇಳಿ, ಆಮೇಲೆ ತೆಗೆದರು. ಆರು ಎಂದು ಬರೆದೆ.