ಬಾಲಕೃಷ್ಣರ ಕಾಡುಪಾಠ

ಅಹಮದಾಬಾದಿನ ಮಣಿನಗರದಲ್ಲಿ, ವಸತಿ ಸೊಸೈಟಿಯೊಂದರ ಮೂರನೇ ಮಹಡಿಯ ಮನೆಯಲ್ಲಿ ಒಂದು ಸಂಜೆ ಅರ್ಧ ಗಂಟೆ ಕರೆಂಟು ಹೋಯಿತು. ಆ ಅರ್ಧ ಗಂಟೆಯಲ್ಲಿ ಹನ್ನೊಂದು ವರ್ಷದ ಭುವನ್ "ಬೋರ್" ಎಂಬ ಪದವನ್ನು ಹದಿನಾಲ್ಕು ಸಲ ಉಚ್ಚರಿಸಿದ. ಎಣಿಸಿದವರು ಅವನ ತಂದೆ ಬಾಲಕೃಷ್ಣರು. (ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿ, ಎಣಿಸುವುದೇ ಕಸುಬು.) ಕರೆಂಟು ಬರುವಷ್ಟರಲ್ಲಿ ಅವರಿಗೆ ಮುಂದಿನ ಪೀಳಿಗೆಯ ಬಗ್ಗೆ ದಿಗಿಲು ಹುಟ್ಟಿ, ಅದರ ಉದ್ಧಾರಕ್ಕೊಂದು ಯೋಜನೆಯೂ ಸಿದ್ಧವಾಗಿತ್ತು.

"ಹುಡುಗರನ್ನ ಒಂದು ರಾತ್ರಿ ಹೊರಗಡೆ ಇಟ್ಕೊಂಡು, ಕಾಡಲ್ಲಿ ಬದುಕೋದು ಹೇಗೆ ಅಂತ ಕಲಿಸ್ತೀನಿ."

"ಯಾರು, ನೀವಾ?" ಹಾಲಿಗೆ ಹೆಪ್ಪು ಹಾಕುತ್ತಿದ್ದ ಹೆಂಡತಿ ಹೇಮಲತಾ ತಿರುಗಿ ನೋಡಿದರು. "ಹೋದ ವಾರ ಬೇಸ್‌ಮೆಂಟಲ್ಲಿ ನಮ್ಮ ಕಾರು ಎಲ್ಲಿದೆ ಅಂತ ನನಗೆ ಫೋನ್ ಮಾಡಿದ್ರಿ."

"ಅಲ್ಲಿ ಸೂರ್ಯ ಕಾಣಲ್ಲ ಕಣೇ."

ಡಿಸೆಂಬರಿನ ಒಂದು ಶನಿವಾರ ಸೂರ್ಯ ಚೆನ್ನಾಗಿಯೇ ಕಾಣುತ್ತಿದ್ದ. ಭುವನ್, ಎದುರು ಮನೆಯ ಆಕಾಶ್, ಕನ್ನಡ ಸಂಘದ ಪ್ರಜ್ವಲ್, ಈ ಮೂವರನ್ನು ಕಾರಿನಲ್ಲಿ ತುಂಬಿಕೊಂಡು ಬಾಲಕೃಷ್ಣರು ವಡೋದರಾ ದಾರಿ ಹಿಡಿದರು. ವಾಸದ್ ಹತ್ತಿರ, ಮಹೀ ನದಿಯ ಬದಿಗೆ, ಸಹೋದ್ಯೋಗಿಯೊಬ್ಬರ ನಿಂಬೆ ತೋಟವಿತ್ತು. ಅದರಾಚೆ ಬಳ್ಳಾರಿ ಜಾಲಿ ಬೆಳೆದ ಮಣ್ಣಿನ ಕೊರಕಲುಗಳು. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ. ತೊಂದರೆ ಶುರುವಾದದ್ದೇ ಅಲ್ಲಿ.

ತೋಟದಲ್ಲಿ ಡೇರೆ ಹೊಡೆದು ಬಾಲಕೃಷ್ಣರು ಎರಡು ಶಾಸನಗಳನ್ನು ಹೊರಡಿಸಿದರು. ಫೋನುಗಳೂ ಹೇಮಲತಾ ಕಟ್ಟಿಕೊಟ್ಟ ಚಪಾತಿ ಡಬ್ಬಿಯೂ ಕಾರಿನಲ್ಲೇ ಇರತಕ್ಕದ್ದು. ಇನ್ನು, ಶಿಬಿರ ಮುಗಿಯುವವರೆಗೆ ಕನ್ನಡವಲ್ಲದೆ ಬೇರೆ ಮಾತು ಕೂಡದು. ಗುಜರಾತಿನಲ್ಲೇ ಹುಟ್ಟಿ ಬೆಳೆದ ಆ ಹುಡುಗರಿಗೆ ಕನ್ನಡವೆಂದರೆ ಅಮ್ಮಂದಿರು ಬೈಯುವ ಭಾಷೆ.

"ಮೂಡಣ, ಪಡುವಣ, ತೆಂಕಣ, ಬಡಗಣ" ಎಂದು ಬಾಲಕೃಷ್ಣರು ಪಾಠ ಆರಂಭಿಸಿದರು.

"ತೆಂಕಣ ಅಂದ್ರೆ ತೆಂಗಿನಕಾಯಾ ಅಂಕಲ್?" ಎಂದ ಪ್ರಜ್ವಲ್. ಅವನಿಗಾಗಲೇ ಹಸಿವಾಗಿತ್ತು.

ಗಡಿಯಾರದ ಮುಳ್ಳಿನಿಂದ ದಿಕ್ಕು ಹಿಡಿದು ನದಿಗೆ ಹೋಗಿ ಬರುವುದು ಮೊದಲ ಅಭ್ಯಾಸ. ಅವರ ಕೈಯಲ್ಲಿದ್ದ ಗಡಿಯಾರಕ್ಕೆ ಮುಳ್ಳೇ ಇರಲಿಲ್ಲ, ಬರೀ ಅಂಕಿ. ನೆಲದ ಮೇಲೆ ಕಡ್ಡಿಯಿಂದ ಮುಳ್ಳಿನ ಗಡಿಯಾರ ಬರೆದು, ಸೂರ್ಯನತ್ತ ತಿರುಗಿಸಿ (ಗಡಿಯಾರ ತಿರುಗದ್ದರಿಂದ ತಾವೇ ತಿರುಗಿ) ಹೊರಟರು. ಐದೂವರೆಗೂ ನದಿ ಸಿಗಲಿಲ್ಲ. ಆರಕ್ಕೆ ತೋಟವೂ ಸಿಗಲಿಲ್ಲ. ಸೂರ್ಯ ತನ್ನ ಪಾಡಿಗೆ ಪಡುವಣಕ್ಕೆ ಇಳಿದು ಹೋದ.

ಎಲ್ಲೋ ಎಮ್ಮೆಯ ಗಂಟೆ ಕೇಳಿಸಿತು. "ಅಪ್ಪ, ಅಲ್ಲಿ ಯಾರೋ ಇದಾರೆ. ಕೇಳ್ಲಾ?" ಎಂದ ಭುವನ್.

"ಕಾಡಲ್ಲಿ ಯಾರನ್ನ ಕೇಳ್ತೀಯ, ಹುಲಿನಾ? ಸುಮ್ನೆ ನಡಿ."

ನಡೆದರು. ಮೂರನೇ ಕೊರಕಲಿನಲ್ಲಿ ಪ್ರಜ್ವಲ್ ಅಳತೊಡಗಿದ. ಅವನ ಅಳುವಿಗೆ ಕನ್ನಡ ಗುಜರಾತಿಯ ಭೇದವಿರಲಿಲ್ಲ. ಅದನ್ನು ಕೇಳಿಯೇ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಚಂಪಾಬೆನ್ ಎಂಬಾಕೆ ಕೋಲೂರಿಕೊಂಡು ಇಳಿದು ಬಂದರು. ಅರವತ್ತರ ಹೆಂಗಸು. ಬಾಲಕೃಷ್ಣರು ಹಿಂದಿಯಲ್ಲಿ ಏನೋ ಹೇಳಹೊರಟರು. ಅದು ಆಕೆಯ ತಲೆಗೆ ಹತ್ತಲಿಲ್ಲ. ಆಕೆಯ ಹಳ್ಳಿಗಾಡಿನ ಗುಜರಾತಿ, ಹದಿನಾಲ್ಕು ವರ್ಷದಿಂದ ಅಹಮದಾಬಾದಿನಲ್ಲಿದ್ದರೂ ಇವರಿಗೆ ಹತ್ತಲಿಲ್ಲ. ಮನೆಯಲ್ಲಿ ತರಕಾರಿಯವನೊಡನೆ ಮಾತಾಡುವವರು ಹೇಮಲತಾ, ಆಫೀಸಿನಲ್ಲಿ ಎಲ್ಲವೂ ಇಂಗ್ಲಿಷು.

ಭುವನ್ ಒಮ್ಮೆ ತಂದೆಯ ಮುಖ ನೋಡಿ, ಮುಂದೆ ಬಂದು, ಪಟಪಟನೆ ಗುಜರಾತಿಯಲ್ಲಿ ಮಾತಾಡಿದ. ಚಂಪಾಬೆನ್ ಬಾಲಕೃಷ್ಣರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗು ಬಾಯಿಗೆ ಹಿಡಿದು ನಕ್ಕರು. ಮತ್ತೇನೋ ಕೇಳಿದರು. ಈ ಸಲ ಹುಡುಗರೂ ನಕ್ಕರು, ಅಳುತ್ತಿದ್ದ ಪ್ರಜ್ವಲ್ ಕೂಡ.

ಆ ರಾತ್ರಿ ಅವರು ಚಂಪಾಬೆನ್ ಅಂಗಳದಲ್ಲಿ ಸಜ್ಜೆ ರೊಟ್ಟಿ, ಖಿಚಡಿ, ಮಜ್ಜಿಗೆ ಉಂಡು ಮಂಚಗಳ ಮೇಲೆ ಮಲಗಿದರು. ಬೆಳಿಗ್ಗೆ ಆಕೆ ತೋಟಕ್ಕೆ ಬಿಟ್ಟು ಬಂದರು. ಹತ್ತು ನಿಮಿಷದ ದಾರಿ.

ಕಾರು ಹೆದ್ದಾರಿಗೆ ಬಂದದ್ದೇ ಬಾಲಕೃಷ್ಣರ ಬಾಯಿ ತೆರೆಯಿತು. "ಹೆತ್ತ ಅಪ್ಪನನ್ನ, ಗೊತ್ತಿಲ್ಲದ ಭಾಷೆಯಲ್ಲಿ, ಕಂಡೋರ ಮುಂದೆ ಆಡ್ಕೊಂಡು ನಗೋದು. ಇದನ್ನೇ ಏನೋ ನಾನು ನಿನಗೆ ಕಲಿಸಿದ್ದು? ಇನ್ನೆಲ್ಲಿಗೂ ಕರ್ಕೊಂಡು ಹೋಗಲ್ಲ ನಿನ್ನ." ನಡಿಯಾದ್ ದಾಟಿದರೂ ನಿಲ್ಲಿಸಲಿಲ್ಲ. ಭುವನ್ ಕಿಟಕಿಯಾಚೆ ನೋಡುತ್ತಿದ್ದ. ಆಕಾಶ್ ಏನೋ ಹೇಳಲು ಬಾಯಿ ತೆರೆದು, ಕನ್ನಡದಲ್ಲಿ ಹೊಂದಿಸಲಾಗದೆ ಮುಚ್ಚಿದ.

ಅದನ್ನು ಅವನು ತನ್ನ ತಾಯಿಗೆ ಹೇಳಿದ. ಸೋಮವಾರ ಅದು ಹೇಮಲತಾಗೆ ತಲುಪಿತು.

"ರೀ, ಆ ಅಜ್ಜಿ 'ದಾರಿ ತಪ್ಪಿದಿರಾ' ಅಂತ ಕೇಳಿದ್ರಂತೆ. ಇವನು ಏನಂದ ಗೊತ್ತಾ? 'ಇಲ್ಲ, ನಮ್ಮಪ್ಪ ಆಕಾಶಕ್ಕೆ ರಾಕೆಟ್ ಕಳಿಸೋರು, ಅವರಿಗೆ ಎಲ್ಲಾ ದಾರಿನೂ ಗೊತ್ತು. ನಾವು ಹೆದರ್ತೀವಾ ಅಂತ ನೋಡ್ತಿದಾರೆ ಅಷ್ಟೇ' ಅಂದನಂತೆ."

"ಮತ್ತೆ ಅವರು ನಕ್ಕಿದ್ದು?"

"'ಹಾಗಾದ್ರೆ ನಿಮ್ಮಪ್ಪನ ಹಸಿವೂ ಪರೀಕ್ಷೆನಾ, ಇಲ್ಲ ರೊಟ್ಟಿ ಹಾಕಲಾ' ಅಂದ್ರಂತೆ."

ಬಾಲಕೃಷ್ಣರು ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು. ವಾಸದ್‌ನಿಂದ ಮನೆಯವರೆಗೆ ಆಡಿದ ಒಂದೊಂದು ಮಾತೂ ನೆನಪಾಯಿತು. ಬಹಳ ಆಡಿದ್ದರು. ಎದ್ದು ಮಗನ ಕೋಣೆಗೆ ಹೋದರು. ಅವನು ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದ.

"ಭುವನ್, ಕಾರಲ್ಲಿ ನಾನು ಹಾಗೆಲ್ಲ ಅನ್ನಬಾರದಿತ್ತು. ತಪ್ಪಾಯ್ತು ಕಣೋ."

"ಓಕೆ ಅಪ್ಪ." ಅವನು ಸಮುದ್ರಕ್ಕೆ ನೀಲಿ ಹಚ್ಚಿ ತಲೆಯೆತ್ತಿದ. "ಆದ್ರೆ ಪ್ರಜ್ವಲ್ ಅಳ್ತಿದ್ದ ಅಲ್ವಾ. ಅವಾಗ್ಲೇ ನೀನು ಟೆಸ್ಟ್ ನಿಲ್ಲಿಸ್ಬೇಕಿತ್ತು."

ಹುಡುಗ ಅಪ್ಪನ ಮರ್ಯಾದೆ ಉಳಿಸಲು ಸುಳ್ಳು ಹೇಳಿರಲಿಲ್ಲ. ನಂಬಿದ್ದ. ಈಗ ಸುಮ್ಮನಿದ್ದುಬಿಟ್ಟಿದ್ದರೆ ಬಾಲಕೃಷ್ಣರು ಆ ಮನೆಯಲ್ಲಿ ಇನ್ನೂ ಕೆಲವು ವರ್ಷ ದಿಕ್ಕುಗಳ ಒಡೆಯರಾಗಿ ಇರಬಹುದಿತ್ತು. ಅವರು ಮಂಚದ ಅಂಚಿನಲ್ಲಿ ಕುಳಿತರು.

"ಟೆಸ್ಟ್ ಅಲ್ಲಪ್ಪ ಅದು. ನನಗೆ ದಾರಿ ಗೊತ್ತಿರಲಿಲ್ಲ."

"ಸ್ವಲ್ಪಾನೂ?"

"ಸ್ವಲ್ಪಾನೂ."

"ಅಂದ್ರೆ ನಾವು ಸಚ್ಚೀ ಕಳೆದುಹೋಗಿದ್ವಿ?"

"ಹೂಂ."

ಭುವನ್ ಅವರನ್ನೇ ನೋಡಿದ. ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ, ಅಪ್ಪನ ಪಕ್ಕ ಬಂದು ಕುಳಿತ.

"ಆಕಾಶ್‌ಗೆ ಮಾತ್ರ ಹೇಳ್ಬೇಡ ಅಪ್ಪ," ಎಂದ ಮೆಲ್ಲಗೆ. "ಅವನು ಪೂರ್ತಿ ಸೊಸೈಟಿಗೆ ಹೇಳ್ತಾನೆ."