ಉಗಿಬಂಡಿ ಮ್ಯೂಸಿಯಂನಲ್ಲಿ ಕೀಲಿಯಣ್ಣ

ಕೀಲಿಯಣ್ಣನ ಸಂಸಾರ ಹಳಿ ತಪ್ಪಿದ್ದು ಒಂದು ‘ಹೂಂ’ನಿಂದ.

ಒಂದು ಸಂಜೆ ಅವನು ತನ್ನ ಬೀಗ ರಿಪೇರಿ ಅಂಗಡಿಯಿಂದ ಮನೆಗೆ ತಂದಿದ್ದ ಕೀಲಿಯೊಂದನ್ನು ಅರದಿಂದ ಉಜ್ಜುತ್ತ ಕೂತಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೇನೋ ಹೇಳುತ್ತಿದ್ದಳು. ಪ್ರತಿ ಮಾತಿಗೂ ಅವನು ‘ಹೂಂ’ ಎನ್ನುತ್ತಿದ್ದ. ಅವಳಿಗೆ ಅನುಮಾನ ಬಂತು.

“ರೀ, ಮನೆಗೆ ಬೆಂಕಿ ಬಿದ್ದಿದೆ” ಎಂದಳು.

“ಹೂಂ.”

“ಗೋಡೆ ಕುಸೀತಾ ಇದೆ.”

“ಹೂಂ. ಇದೊಂದು ಹಲ್ಲು ಮುಗಿಸಿ ಬಂದೆ.”

ಅಷ್ಟೇ ಸಾಕಾಯಿತು. ಅವಳು ಅವನ ಕೈಯಿಂದ ಅರವನ್ನು ಕಿತ್ತುಕೊಂಡಳು. “ಮದುವೆಯಾದಾಗಿಂದ ನೀವು ನನ್ನ ಮುಖ ನೋಡಿದ್ದಕ್ಕಿಂತ ಕೀಲಿಕಂಡಿ ನೋಡಿದ್ದೇ ಜಾಸ್ತಿ. ನಾಳೆ ಒಂದು ದಿನ ನಿಮಗೆ ರಜೆ. ಬೀಗ ಮುಟ್ಟಕೂಡದು, ಬೀಗದ ಮಾತೂ ಆಡಕೂಡದು. ಮುಟ್ಟಿದ್ದು ಗೊತ್ತಾಯ್ತೋ, ಅಲ್ಲಿಂದಲೇ ನಮ್ಮಕ್ಕನ ಮನೆ ಬಸ್ಸು ಹತ್ತುತ್ತೀನಿ. ಈ ಸಲ ಕರೆಯೋಕೆ ಬಂದ್ರೂ ಬರಲ್ಲ.”

ಕೀಲಿಯಣ್ಣ ಹೆದರಿದ. ಕಳೆದ ಸಲ ಅವಳು ಅಕ್ಕನ ಮನೆಗೆ ಹೋಗಿ ಕೂತಾಗ ಅವನು ಅನ್ನ ಮಾಡಲು ಹೋಗಿ ಅಕ್ಕಿಯ ಜೊತೆಗೆ ಪಾತ್ರೆಯನ್ನೂ ಸುಟ್ಟುಹಾಕಿದ್ದ. ಅದನ್ನಾದರೂ ಸಹಿಸಬಹುದಿತ್ತು. ಸಂಜೆ ಅರ ಹಿಡಿದು ಕೂತರೆ ಮನೆ ಬಿಕೋ ಎನ್ನುತ್ತಿತ್ತು. ‘ಹೂಂ’ ಎನ್ನೋಣವೆಂದರೆ ಎದುರಿಗೆ ಒಂದು ಮಾತೂ ಇರಲಿಲ್ಲ. “ಆಣೆ ಮಾಡ್ತೀನಿ ಕಣೆ, ಮುಟ್ಟಲ್ಲ” ಎಂದ.

ಆದರೆ ಎಲ್ಲಿಗೆ ಹೋಗುವುದು? ಸಿನಿಮಾ ಮಂದಿರದ ಬೀಗ ಅವನೇ ಕೂರಿಸಿದ್ದು. ಉದ್ಯಾನದ ಗೇಟು ವಾರಕ್ಕೊಮ್ಮೆ ಅವನನ್ನೇ ಕರೆಯುತ್ತಿತ್ತು. ಯೋಚಿಸಿ ಯೋಚಿಸಿ ಕೊನೆಗೆ ಅವನಿಗೆ ಊರಾಚೆಯ ರೈಲು ಮ್ಯೂಸಿಯಂ ಹೊಳೆಯಿತು. ಅಲ್ಲಿ ಇರುವುದೆಲ್ಲ ಹಳೆಯ ಉಗಿಬಂಡಿಗಳು. ಆನೆಗೆ ಯಾರಾದರೂ ಬೀಗ ಹಾಕುತ್ತಾರೆಯೇ?

ಬೆಳಿಗ್ಗೆ ಹೊರಡುವ ಮೊದಲು ಹೆಂಡತಿ ಅವನ ಜೇಬುಗಳನ್ನು ಗಡಿ ಕಾಯುವವರ ಹಾಗೆ ತಡಕಿದಳು. ಒಂದು ತಂತಿ ತುಂಡು ಸಿಕ್ಕಿತು, ಒಂದು ಪುಟ್ಟ ಸ್ಕ್ರೂಡ್ರೈವರ್ ಸಿಕ್ಕಿತು. ಎರಡನ್ನೂ ತೆಗೆದು ಮನೆಯಲ್ಲೇ ಇರಿಸಿದಳು. ಇಬ್ಬರೂ ಮೆಟ್ಟಿಲಿಳಿಯುತ್ತಿದ್ದಂತೆ ಮೇಲಿನ ಮನೆಯ ಮೇಷ್ಟ್ರ ಕಿಟಕಿ ತೆರೆಯಿತು.

ಮೇಷ್ಟ್ರು ಇತಿಹಾಸ ಕಲಿಸಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟರೂ ಪಾಠ ಅವರನ್ನು ಬಿಟ್ಟಿರಲಿಲ್ಲ. “ಜೋಡಿ ಎಲ್ಲಿಗೆ ಹೊರಟಿದ್ದು?” ಎಂದರು.

“ರೈಲು ಮ್ಯೂಸಿಯಂಗೆ ಮೇಷ್ಟ್ರೇ” ಎಂದ ಕೀಲಿಯಣ್ಣ. ಹೆಂಡತಿ ಅವನ ಕಾಲು ತುಳಿದಳು. ತಡವಾಗಿತ್ತು.

“ನಾನಿಲ್ಲದೆ ಹೋದ್ರೆ ನಿಮಗೆ ಬರೀ ಕಬ್ಬಿಣ ಕಾಣುತ್ತೆ ಅಷ್ಟೆ. ನಿಲ್ಲಿ, ಕೊಡೆ ತಗೊಂಡು ಬಂದೆ.”

“ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಕೊಡೆ ಯಾಕೆ?” ಎಂದಳು ಹೆಂಡತಿ.

“ತೋರಿಸಿ ತೋರಿಸಿ ವಿವರಿಸೋಕಮ್ಮ!”

ಬಸ್ಸಿನಲ್ಲಿ ಕಂಡಕ್ಟರ್ ಕೀಲಿಯಣ್ಣನನ್ನು ನೋಡಿದ್ದೇ ಮುಖವರಳಿಸಿದ. “ಓಹೋ, ಕೀಲಿಯಣ್ಣ! ನಮ್ಮ ಬೀರು ಮತ್ತೆ ಹಟ ಮಾಡ್ತಾ ಇದೆ, ಯಾವಾಗ ಬರ್ತೀರಿ?”

ಕೀಲಿಯಣ್ಣ ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿದ. “ಅದು ನಾನಲ್ಲ” ಎಂದ.

“ನಿಮ್ಮ ಮುಖ ಮರೀತೀನಾ?”

“ನನ್ನ ತಮ್ಮ ಇರಬೇಕು.”

“ಇವನಿಗೆ ತಮ್ಮನೇ ಇಲ್ಲವಲ್ಲ!” ಎಂದರು ಹಿಂದಿನ ಸೀಟಿನಿಂದ ಮೇಷ್ಟ್ರು.

ಮ್ಯೂಸಿಯಂ ನಿಜಕ್ಕೂ ಚೆನ್ನಾಗಿತ್ತು. ಎತ್ತರದ ತಗಡಿನ ಛಾವಣಿಯ ಕೆಳಗೆ ಕಪ್ಪನೆಯ ಎಂಜಿನ್ನುಗಳು ಉಂಡು ಮಲಗಿದ ಎಮ್ಮೆಗಳಂತೆ ಸಾಲಾಗಿದ್ದವು. ಆಳೆತ್ತರದ ಚಕ್ರಗಳು. ಕನ್ನಡಿಯಂತೆ ಉಜ್ಜಿದ ಹಿತ್ತಾಳೆ ಫಲಕಗಳು. ಎಣ್ಣೆ, ಇದ್ದಿಲು, ಹಳೆಯ ಮರದ ವಾಸನೆ. ಹೊರಗಿನ ಹಳಿಯ ಮೇಲೆ ಒಂದು ಎಂಜಿನ್ನಿಗೆ ಮಾತ್ರ ಜೀವ ಇತ್ತು. ರಜಾದಿನಗಳಲ್ಲಿ ಅದಕ್ಕೆ ಕಲ್ಲಿದ್ದಲು ತುಂಬಿ, ಎರಡು ಡಬ್ಬಿ ಕಟ್ಟಿ, ಬಂದವರನ್ನು ಕೂರಿಸಿಕೊಂಡು ಮೈದಾನಕ್ಕೊಂದು ಸುತ್ತು ಹೊಡೆಸುತ್ತಿದ್ದರು.

ಮೇಷ್ಟ್ರು ಕೊಡೆಯ ತುದಿಯಿಂದ ಒಂದೊಂದು ಎಂಜಿನ್ನನ್ನೂ ತಿವಿದು ಪಾಠ ಶುರುಮಾಡಿದರು. ಕೀಲಿಯಣ್ಣ ಕೊಟ್ಟ ಮಾತಿನಂತೆ ಎರಡೂ ಕೈಗಳನ್ನು ಜೇಬಿನಲ್ಲಿ ತುರುಕಿಕೊಂಡು, ಹೆಂಡತಿಯ ದೂರು ನೆನೆದು ಅವಳ ಮುಖವನ್ನೇ ನೋಡುತ್ತ ನಡೆದ. ನೋಡುತ್ತ ನೋಡುತ್ತ ಒಂದು ಎಂಜಿನ್ನಿನ ಮೂತಿಗೆ ಹಣೆ ಬಡಿಸಿಕೊಂಡ.

“ಮುಖ ನೋಡಲ್ಲ ಅಂದಿದ್ದೆ ನಿಜ” ಎಂದು ಅವಳು ಸೆರಗಿನಿಂದ ಹಣೆ ಒತ್ತಿದಳು. “ದಾರೀನೂ ಸ್ವಲ್ಪ ನೋಡ್ರೀ.” ಆದರೆ ಅವಳು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಬೀಗವಿಲ್ಲದೆಯೂ ಬದುಕಬಹುದು ಎಂದು ಕೀಲಿಯಣ್ಣನಿಗೆ ಮೊದಲ ಬಾರಿ ಅನ್ನಿಸಿತು.

ಉಗಿಬಂಡಿ ಹತ್ತಲು ಉದ್ದನೆಯ ಸಾಲು ಇತ್ತು. “ನಾನು ಸಾಲಿನಲ್ಲಿ ನಿಂತಿರ್ತೀನಿ. ಮೇಷ್ಟ್ರು ಎಲ್ಲೋ ತಪ್ಪಿಸಿಕೊಂಡ್ರು, ಕರಕೊಂಡು ಬನ್ನಿ. ಬೇಗ!” ಎಂದಳು ಹೆಂಡತಿ.

ಮೇಷ್ಟ್ರು ಸಿಗಲಿಲ್ಲ, ಅವರ ಕೊಡೆ ಸಿಕ್ಕಿತು. ಷೆಡ್ಡಿನ ಕೊನೆಯಲ್ಲಿ, ಹಿಂದಿನ ಕಾಲದ ದೊಡ್ಡ ಅಧಿಕಾರಿಯೊಬ್ಬರ ಐಷಾರಾಮಿ ಡಬ್ಬಿ ನಿಂತಿತ್ತು. ಅದರ ಮೆಟ್ಟಿಲಿಗೆ ಕೊಡೆ ಒರಗಿತ್ತು. ಕಿಟಕಿಯಿಂದ ಇಣುಕಿ ನೋಡಬಹುದು, ಒಳಗೆ ಹೋಗಕೂಡದು ಎಂದು ಹಗ್ಗ ಕಟ್ಟಿದ್ದರು.

“ಯಾರಪ್ಪಾ ಅದು, ಕೀಲಿಯಣ್ಣನಾ?” ಒಳಗಿನಿಂದ ಮೇಷ್ಟ್ರ ದನಿ ಕೇಳಿತು.

“ಮೇಷ್ಟ್ರೇ! ಒಳಗೆ ಹೇಗೆ ಹೋದ್ರಿ?”

“ಹಗ್ಗ ದಾಟಿದೆ. ಬಾಗಿಲು ಸುಮ್ಮನೆ ಮುಚ್ಚಿತ್ತು, ಬೀಗ ಬಿದ್ದಿರಲಿಲ್ಲ. ಆ ಅಧಿಕಾರಿ ಕುರ್ಚಿ ಮೇಲೆ ಒಂದು ಗಳಿಗೆ ಕೂತು ನೋಡೋಣ ಅನ್ನಿಸ್ತು. ಯಾರಾದ್ರೂ ನೋಡಿದ್ರೆ ಅಂತ ಬಾಗಿಲು ಎಳಕೊಂಡೆ, ಠಪ್ ಅಂತ ಬೀಗ ಬಿತ್ತು. ಒಳಗಡೆ ಹಿಡಿಕೇನೇ ಇಲ್ಲ!”

ಆ ಕಾಲದ ಎಳೆಬೀಗಗಳ ಗುಣವೇ ಅದು. ಎಳೆದರೆ ತಾನೇ ಬೀಳುತ್ತವೆ, ತೆಗೆಯಲು ಕೀಲಿಯೇ ಬೇಕು. ಕೀಲಿ ಮ್ಯೂಸಿಯಂನ ಗಾರ್ಡಿನ ಸೊಂಟದಲ್ಲಿತ್ತು. ಗಾರ್ಡು ಉಗಿಬಂಡಿಯಲ್ಲಿದ್ದ. ಉಗಿಬಂಡಿ ಮೈದಾನದ ಆಚೆ ತುದಿಯಲ್ಲಿ ಹೊಗೆ ಬಿಡುತ್ತಿತ್ತು.

“ಗಾರ್ಡು ಬರೋವರೆಗೆ ಕೂತಿರಿ ಮೇಷ್ಟ್ರೇ. ಹೇಗೂ ಕುರ್ಚಿ ಚೆನ್ನಾಗಿದೆ.”

“ಕೂರೋ ಹಾಗಿದ್ರೆ ಕೂರ್ತಿದ್ದೆ ಮಾರಾಯ. ನನಗೆ ಅವಸರ. ಸಕ್ಕರೆ ಕಾಯಿಲೆಯವನು ನಾನು, ಗೊತ್ತಲ್ಲ.” ದನಿ ತಗ್ಗಿತು. “ಇಲ್ಲಿ ಪಿಂಗಾಣಿಯ ಶೌಚದ ಕುರ್ಚಿ ಒಂದಿದೆ. ‘ಮುಟ್ಟಬೇಡಿ’ ಅಂತ ಬೋರ್ಡು ಹಾಕಿದ್ದಾರೆ. ಜೀವಮಾನವೆಲ್ಲ ಇತಿಹಾಸ ಕಲಿಸಿದವನು ನಾನು. ಆ ಇತಿಹಾಸಕ್ಕೆ ಇಂಥ ಅವಮಾನ ನನ್ನ ಕೈಲಿ ಮಾಡಿಸಬೇಡ ಕಣೋ!”

ಕೀಲಿಯಣ್ಣ ಸಾಲಿನ ಕಡೆ ನೋಡಿದ. ಹೆಂಡತಿಯ ಬೆನ್ನು ಇತ್ತ ಕಡೆಗಿತ್ತು. ಕೀಲಿಕಂಡಿಯ ಕಡೆ ನೋಡಿದ. ಹೆಬ್ಬೆರಳು ಹೋಗುವಷ್ಟು ದೊಡ್ಡದು. ಒಳಗೆ ಬೀಗ ಹಿಡಿದಿಡುವ ಲಿವರ್ ಎರಡೇ ಇರಬೇಕು. ಮಗುವಿನ ಬಾಯಿಂದ ಬೆರಳು ತೆಗೆದಷ್ಟು ಸುಲಭ. ಜೇಬಿನಲ್ಲಿದ್ದ ಕೈ ತಾನಾಗಿಯೇ ಹೊರಗೆ ಬಂತು. ಹತಾರವಿರಲಿಲ್ಲ, ಕೊಡೆಯಿತ್ತು. ಅದರ ಒಂದು ಕಡ್ಡಿಯನ್ನು ಲಟಕ್ಕನೆ ಮುರಿದು, ತುದಿ ಬಗ್ಗಿಸಿ, ಕಂಡಿಯೊಳಗೆ ತೂರಿಸಿದ. ಕ್ಲಿಕ್.

ಬಾಗಿಲು ತೆರೆದದ್ದೇ ಮೇಷ್ಟ್ರು ಬಾಣದಂತೆ ಹಾರಿ ಹೋದರು. ಥ್ಯಾಂಕ್ಸೂ ಇಲ್ಲ, ತಿರುಗಿ ನೋಡಿದ್ದೂ ಇಲ್ಲ. ಕೀಲಿಯಣ್ಣ ಒಬ್ಬನೇ ಹಗ್ಗದ ಒಳಗೆ, ತೆರೆದ ಬಾಗಿಲ ಮುಂದೆ, ಬಗ್ಗಿದ ಕಡ್ಡಿ ಹಿಡಿದು ನಿಂತಿದ್ದ. ಮುಖದ ಮೇಲೆ, ಬಹಳ ಹೊತ್ತು ಹಸಿದವನು ಒಂದು ತುತ್ತು ಉಂಡ ಸಂತೋಷವಿತ್ತು.

“ಏಯ್!”

ಕೊರಳಿಗೆ ಸೀಟಿ ತೂಗುಹಾಕಿಕೊಂಡ ಮ್ಯೂಸಿಯಂ ಮೇಲ್ವಿಚಾರಕರು ಓಡಿ ಬಂದರು. ಸೀಟಿ ಊದಿದರು. ಉಗಿಬಂಡಿ ಇಲ್ಲಿಂದ ಹೊರಡುತ್ತದೆಂದುಕೊಂಡು ಸಾಲಿನಲ್ಲಿದ್ದವರೆಲ್ಲ ಇತ್ತ ಓಡಿ ಬಂದರು. ಎಲ್ಲರಿಗಿಂತ ಮುಂದೆ ಅವನ ಹೆಂಡತಿ ಇದ್ದಳು.

“ಈ ಬೀಗ ತೆಗೆದವನು ನೀನಾ?” ಎಂದರು ಮೇಲ್ವಿಚಾರಕರು.

ಕೈಯಲ್ಲಿ ಕಡ್ಡಿ ಇಟ್ಟುಕೊಂಡು ಇಲ್ಲ ಎನ್ನುವುದು ಹೇಗೆ? “ಅದು... ಒಳಗೆ ಮೇಷ್ಟ್ರಿದ್ರು.”

“ಎಲ್ಲಿ ನಿನ್ನ ಮೇಷ್ಟ್ರು?” ಅವರು ಡಬ್ಬಿಯೊಳಗೆ ಇಣುಕಿದರು. ಯಾರೂ ಇರಲಿಲ್ಲ. “ಕೀಲಿಯಿಲ್ಲದೆ ಇಂಥ ಬೀಗ ತೆಗೆಯೋರು ಇಬ್ಬರೇ. ಒಂದೋ ಬೀಗದ ಕೆಲಸದವನು, ಇಲ್ಲಾ ಕಳ್ಳ. ನೀನು ಯಾರು?”

ಕೀಲಿಯಣ್ಣ ಹೆಂಡತಿಯನ್ನು ನೋಡಿದ. ಅವಳು ಸೊಂಟದ ಮೇಲೆ ಕೈಯಿಟ್ಟು, ಹುಬ್ಬೇರಿಸಿ, ಅವನ ಉತ್ತರಕ್ಕೆ ಕಾಯುತ್ತಿದ್ದಳು. ಅವನಿಗೆ ಬಿಕೋ ಎನ್ನುವ ಮನೆ ಕಣ್ಣ ಮುಂದೆ ಬಂತು.

“ಕಳ್ಳ, ಸಾರ್” ಎಂದ.

ಜನ ಒಂದು ಹೆಜ್ಜೆ ಹಿಂದೆ ಸರಿದರು. ಮೇಲ್ವಿಚಾರಕರಿಗೇ ಗಾಬರಿಯಾಯಿತು. ಇಷ್ಟು ವಿನಯದಿಂದ ಒಪ್ಪಿಕೊಂಡ ಕಳ್ಳನನ್ನು ಅವರು ಕಂಡಿರಲಿಲ್ಲ. ಅಷ್ಟರಲ್ಲಿ ಹಗುರಾದ ಮೇಷ್ಟ್ರು ನಿಧಾನವಾಗಿ ವಾಪಸು ಬಂದರು.

“ಮೇಷ್ಟ್ರೇ, ನೀವಾದ್ರೂ ಹೇಳಿ!” ಎಂದ ಕೀಲಿಯಣ್ಣ.

ಮೇಷ್ಟ್ರು ಮೇಲ್ವಿಚಾರಕರ ಸೀಟಿ ನೋಡಿದರು, ತಾವು ದಾಟಿದ ಹಗ್ಗ ನೋಡಿದರು, ಆಮೇಲೆ ಕೊಡೆ ನೋಡಿದರು. “ಅಯ್ಯೋ, ನನ್ನ ಕೊಡೆ! ಮುರಿದವನು ಯಾರು?” ಎಂದರು.

ಅವನನ್ನು ಹಳೆಯ ಸ್ಟೇಷನ್ ಮಾಸ್ತರರ ಕೋಣೆಗೆ ಕರೆದೊಯ್ದು ಕೂರಿಸಿದರು. ಅದೂ ಪ್ರದರ್ಶನದ ಕೋಣೆಯೇ. ಕಿಟಕಿಯ ತುಂಬ ಮುಖಗಳು ತುಂಬಿಕೊಂಡವು. ಮೇಲ್ವಿಚಾರಕರು ಪೊಲೀಸರಿಗೆ ಫೋನ್ ಮಾಡಲು ಹೊರಟಾಗ ಹೆಂಡತಿಗೆ ತಡೆಯಲಾಗಲಿಲ್ಲ.

“ಸಾರ್, ಇವರು ಕಳ್ಳ ಅಲ್ಲ. ಬೀಗ ರಿಪೇರಿ ಮಾಡೋರು. ನಾನು ಇವರ ಹೆಂಡತಿ.”

“ಕಳ್ಳನ ಹೆಂಡತೀನೂ ಹೀಗೇ ಹೇಳ್ತಾಳಮ್ಮ. ಅವನೇ ಒಪ್ಪಿಕೊಂಡಿದ್ದಾನಲ್ಲ?” ಅವರು ಮೂಲೆಯಲ್ಲಿದ್ದ ಕಬ್ಬಿಣದ ಬೀರುವನ್ನು ತೋರಿಸಿದರು. “ಇದರ ಕೀಲಿ ಕಳೆದುಹೋಗಿ ಯಾವ ಕಾಲವಾಯ್ತೋ. ಕಳ್ಳನಾದ್ರೆ ಒಡೀತಾನೆ. ಕಸುಬಿನವನಾದ್ರೆ ಗೀರೂ ಬೀಳದ ಹಾಗೆ ತೆಗೀತಾನೆ. ತೆಗೀಲಿ ನೋಡೋಣ.”

“ರೀ, ತೆಗೀರಿ” ಎಂದಳು ಹೆಂಡತಿ.

ಕೀಲಿಯಣ್ಣ ಕೈ ಕಟ್ಟಿಕೊಂಡ. “ಆಗಲ್ಲ ಕಣೆ. ಮಾತು ಕೊಟ್ಟಿದ್ದೀನಿ.”

“ನಾನೇ ಹೇಳ್ತಾ ಇದ್ದೀನಿ, ತೆಗೀರಿ!”

“ಆಮೇಲೆ ನೀನು ಹೇಳೇ ಇಲ್ಲ ಅಂತೀಯ. ಎಲ್ಲರಿಗೂ ಕೇಳೋ ಹಾಗೆ ಹೇಳು.”

ಅವಳು ಹಲ್ಲು ಕಚ್ಚಿದಳು. ಕಿಟಕಿಯ ಮುಖಗಳ ಕಡೆ ತಿರುಗಿ ಕೂಗಿದಳು. “ನನ್ನ ಗಂಡ ಬೀಗ ತೆಗೀಲಿ ಅಂತ ನಾನೇ ಹೇಳ್ತಾ ಇದ್ದೀನಿ. ಕೇಳಿಸ್ತಾ ಎಲ್ಲರಿಗೂ?”

“ಕೇಳಿಸ್ತಮ್ಮಾ!” ಎಂದಿತು ಕಿಟಕಿ.

ಕೀಲಿಯಣ್ಣ ಪಕ್ಕದಲ್ಲಿದ್ದ ಮೇಷ್ಟ್ರ ಕೊಡೆಯ ಇನ್ನೊಂದು ಕಡ್ಡಿ ಮುರಿದ. ಮೇಷ್ಟ್ರು ನರಳಿದರು. ಅವನು ಬೀರುವಿಗೆ ಕಿವಿಯಾನಿಸಿ, ಕಣ್ಣು ಮುಚ್ಚಿ, ಎದೆಬಡಿತ ಕೇಳುವ ವೈದ್ಯನಂತೆ ಕಂಡಿಯಲ್ಲಿ ಕಡ್ಡಿ ಆಡಿಸಿದ. ಬೀರು ನಿಟ್ಟುಸಿರು ಬಿಟ್ಟು ಬಾಯಿ ತೆರೆಯಿತು. ಜನ ಚಪ್ಪಾಳೆ ತಟ್ಟಿದರು. ಹೆಂಡತಿಯೂ ತಟ್ಟಿದಳು. ಅದನ್ನು ಅವನು ಓರೆಗಣ್ಣಿನಲ್ಲಿ ನೋಡಿಕೊಂಡ. ಗಂಡಾಂತರ ಕಳೆಯಿತು ಎಂದುಕೊಂಡ.

ಬೀರುವಿನೊಳಗೆ ಹಿಂದಿನ ಕಾಲದ ಗಾರ್ಡುಗಳ ಕಬ್ಬಿಣದ ಪೆಟ್ಟಿಗೆಗಳು ಮೇಲಿಂದ ಕೆಳಗಿನವರೆಗೆ ಒಂದರ ಮೇಲೊಂದು ಕೂತಿದ್ದವು. ಪ್ರತಿಯೊಂದಕ್ಕೂ ಒಂದೊಂದು ಬೀಗವಿತ್ತು.

ಮೇಲ್ವಿಚಾರಕರ ಕಣ್ಣಲ್ಲಿ ನೀರು ಬಂತು. ಏಕವಚನ ಹೋಗಿ ಬಹುವಚನ ಬಂತು. “ನಿಮ್ಮಂಥವರನ್ನೇ ಹುಡುಕ್ತಾ ಇದ್ದೆ ಸ್ವಾಮಿ! ಕೂತ್ಕೊಳ್ಳಿ. ಅಮ್ಮಾ, ನೀವು ಬನ್ನಿ, ನಿಮ್ಮನ್ನ ಸಾಲಿಲ್ಲದೆ ಮುಂದಿನ ಸೀಟಿಗೇ ಕೂರಿಸ್ತೀನಿ. ಮೇಷ್ಟ್ರೇ, ನೀವೂ ಬನ್ನಿ.”

ಹೀಗೆ ಕೀಲಿಯಣ್ಣನ ರಜೆ ಸ್ಟೇಷನ್ ಮಾಸ್ತರರ ಕೋಣೆಯಲ್ಲಿ ಕಳೆಯಿತು. ಅವನು ಪೆಟ್ಟಿಗೆ ತೆಗೆಯುತ್ತಿದ್ದ. ಉಗಿಬಂಡಿ ಕಿಟಕಿಯ ಮುಂದೆ ಹಾದಾಗಲೆಲ್ಲ ಹೆಂಡತಿ ಕೈ ಬೀಸುತ್ತಿದ್ದಳು. ಅವಳ ಪಕ್ಕದಲ್ಲಿ, ಅವನು ಕೂರಬೇಕಾಗಿದ್ದ ಜಾಗದಲ್ಲಿ, ಮೇಷ್ಟ್ರು ಕಡ್ಡಿ ಮುರಿದ ಕೊಡೆ ಹಿಡಿದು ಪಾಠ ಮಾಡುತ್ತಿದ್ದರು.

ಸಂಜೆ ಬಸ್ಸಿಗೆ ಕಾಯುವಾಗ ಹೆಂಡತಿಯ ಮೂಗಿನ ಮೇಲೆ ಮಸಿಯಿತ್ತು, ಮುಖದ ಮೇಲೆ ಬೆಳಕಿತ್ತು. ಕೀಲಿಯಣ್ಣ ಧೈರ್ಯ ತಂದುಕೊಂಡ.

“ನೋಡು, ನಾನು ಮಾತು ತಪ್ಪಲಿಲ್ಲ. ನೀನೇ ಹೇಳಿದ್ಮೇಲೆ ತೆಗೆದಿದ್ದು. ಅಷ್ಟು ಜನ ಸಾಕ್ಷಿ ಇದ್ದಾರೆ.”

“ಬೀರು ನಾನು ಹೇಳಿದ್ಮೇಲೆ ತೆಗೆದ್ರಿ, ಸರಿ” ಎಂದಳು ಅವಳು. “ಡಬ್ಬಿ ಬಾಗಿಲು ಯಾರು ಹೇಳಿ ತೆಗೆದ್ರಿ?”

ಕೀಲಿಯಣ್ಣ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಮೋಡವಿಲ್ಲದ ಆಕಾಶ ನೋಡುತ್ತಿದ್ದರು.

“ಹಾಗಾದ್ರೆ... ಅಕ್ಕನ ಮನೆಗೆ ಹೋಗ್ತೀಯಾ?”

“ನಾನ್ಯಾಕೆ ಹೋಗ್ಲಿ?”

ಅವನಿಗೆ ಹೋದ ಜೀವ ಬಂದಂತಾಯಿತು. ಬೆಂಚಿನ ಮೇಲೆ ಅವಳ ಹತ್ತಿರ ಸರಿದು ಕೂತ.

“ಮೇಲ್ವಿಚಾರಕರ ಜೊತೆ ಮಾತಾಡಿ ಆಯ್ತು” ಎಂದಳು. “ಇನ್ನು ಪ್ರತಿ ರಜಾದಿನ ನೀವು ಇಲ್ಲಿ ಬಂದು ಬೀಗ ತೆಗೀಬೇಕು. ಅದಕ್ಕೆ ಬದಲು ನಮ್ಮ ಕಡೆಯವರು ಎಷ್ಟು ಜನ ಬಂದ್ರೂ ಉಗಿಬಂಡಿಲಿ ಪುಕ್ಕಟೆ ಸುತ್ತಬಹುದು. ಅದಕ್ಕೇ ಆಗಲೇ ಫೋನ್ ಮಾಡಿ ಅಕ್ಕನನ್ನೇ ಇಲ್ಲಿಗೆ ಬಾ ಅಂದೆ. ನಾಳೆ ಬೆಳಿಗ್ಗೆ ಬಸ್ಸಿಗೇ ಹೊರಡ್ತಾಳಂತೆ. ಮಕ್ಕಳೂ ಬರ್ತಾರೆ. ಅವಳ ಅತ್ತೆ ಮಾವನೂ ಬರ್ತಾರಂತೆ. ಪಾಪ, ಅವರಿಗೂ ಉಗಿಬಂಡಿ ಅಂದ್ರೆ ಪ್ರಾಣ.”

“ಹೂಂ” ಎಂದ ಕೀಲಿಯಣ್ಣ.