ಸ್ಟ್ಯಾನಿಯ ಕಿಸೆಯಲ್ಲಿ ಊರಿನ ಕರೆಂಟು

ಬರ್ತಾಬಾಯಿಗೆ ಮಲ್ಲಿಗೆ ಗಿಡ ನೆಡುವ ಆಸೆ ಹುಟ್ಟಿದ್ದೇ ಅವಳ ಗಂಡ ಸ್ಟ್ಯಾನಿಸ್ಲಾಸನ ಕಷ್ಟಕ್ಕೆ ಕಾರಣ. ಮಲ್ಲಿಗೆಗೆ ಬಿಸಿಲು ಬೇಕು. ಕಾಪುವಿನ ಲೈಟ್‌ಹೌಸ್ ಕಡೆಗೆ ಹೋಗುವ ಓಣಿಯಲ್ಲಿದ್ದ ಅವರ ಅಂಗಳದಲ್ಲಿ ಬಿಸಿಲು ಬೀಳುವುದು ಒಂದೇ ಮೂಲೆಗೆ. ಆ ಮೂಲೆಯಲ್ಲಿ ಸ್ಟ್ಯಾನಿಯ ಕ್ಯಾರವಾನ್, ಕೆರೆಗಿಳಿದ ಎಮ್ಮೆಯ ಹಾಗೆ, ಎಬ್ಬಿಸಿದರೂ ಏಳದೆ ಕೂತಿತ್ತು.

ಮಸ್ಕತ್‌ನಲ್ಲಿ ವರ್ಷಗಟ್ಟಲೆ ಡ್ರೈವರ್ ಆಗಿದ್ದ ಸ್ಟ್ಯಾನಿ ಊರಿಗೆ ಬಂದವನೇ ಒಂದು ಹಳೆಯ ಟೆಂಪೋ ವ್ಯಾನು ಕೊಂಡು, ಅದರೊಳಗೆ ಮಂಚ, ಗ್ಯಾಸ್ ಒಲೆ, ಕೈ ತೊಳೆಯುವ ಬೇಸಿನ್ ಎಲ್ಲ ಕೂರಿಸಿದ್ದ. ಮಂಚದಡಿಯಲ್ಲಿ ಆಡಿನ ಮರಿಯಷ್ಟು ಭಾರದ ಬ್ಯಾಟರಿ. ಪಕ್ಕದಲ್ಲಿ, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿಕೊಡುವ ಇನ್ವರ್ಟರ್ ಪೆಟ್ಟಿಗೆ. ಲ್ಯಾಪ್‌ಟಾಪು, ಮೊಬೈಲು, ಸಣ್ಣ ಫ್ಯಾನು ಎಲ್ಲ ಅದರಲ್ಲಿ ಓಡುತ್ತಿದ್ದವು. ಓಡದಿದ್ದದ್ದು ವ್ಯಾನು ಮಾತ್ರ. ಒಮ್ಮೆ ಆಗುಂಬೆಗೆಂದು ಹೊರಟು, ಹೆಬ್ರಿಯಲ್ಲಿ ಉಸಿರು ಬಿಟ್ಟು, ಪಿಕಪ್ಪೊಂದರ ಬಾಲಕ್ಕೆ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂದದ್ದೇ ಅದರ ಲೋಕಸಂಚಾರ.

"ಸಂಜೆ ಕಾರ್ಕಳದಿಂದ ಗುಜರಿಯವನು ಬರ್ತಾನೆ. ಕ್ರೇನ್ ಸಮೇತ," ಎಂದು ಬರ್ತಾ ಬೆಳಿಗ್ಗೆ ಚಾ ಲೋಟವನ್ನು ಕುಕ್ಕಿ ಇಟ್ಟಳು.

"ಬರ್ತಾ, ಒಂದು ದಿನ ಕರೆಂಟ್ ಹೋದಾಗ ನಿನಗೆ ಇದರ ಬೆಲೆ ಗೊತ್ತಾಗ್ತದೆ."

"ಹೋಗಬೇಕಲ್ಲ? ಈ ವರ್ಷ ಒಮ್ಮೆಯಾದ್ರೂ ಹೋಗಿದ್ದುಂಟಾ, ಹೇಳಿ ನೋಡುವ?"

ಅದೂ ನಿಜ. ವ್ಯಾನು ತಂದಾಗಿನಿಂದ ಸ್ಟ್ಯಾನಿ ಗುಡುಗು ಕೇಳಿದರೆ ಸಾಕು, ಸ್ವಿಚ್ಚಿನ ಹತ್ತಿರ ನಿಂತು ಕಾಯುತ್ತಿದ್ದ. ಊರಿನ ಕರೆಂಟು ಹಟ ಹಿಡಿದಂತೆ ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ. ಹೊಟ್ಟೆ ತುಂಬಿದ ಮೊಮ್ಮಗನಿಗೆ ಅಜ್ಜಿ ಮತ್ತೆ ಅನ್ನ ತಿನ್ನಿಸುವಂತೆ, ಅವನು ಆ ಬ್ಯಾಟರಿಗೆ ದಿನಾ ಮನೆಯಿಂದ ವಯರು ಎಳೆದು ಚಾರ್ಜು ಕೊಡುತ್ತಲೇ ಇದ್ದ.

ಇನ್ನು ಉಳಿದದ್ದು ಒಂದೇ ದಾರಿ. ಕರೆಂಟು ತಾನಾಗಿ ಹೋಗದಿದ್ದರೆ ಕಳಿಸಬೇಕು.

ಚಾ ಆದಮೇಲೆ ಬರ್ತಾ ಮಸ್ಕತ್‌ನಲ್ಲಿದ್ದ ಮಗಳು ಲವಿಟಾಳ ಜೊತೆ ಲ್ಯಾಪ್‌ಟಾಪಿನಲ್ಲಿ ಮಾತಾಡಲು ಕೂತಳು. ಮುದಿ ಲ್ಯಾಪ್‌ಟಾಪು. ಪ್ಲಗ್ಗಿನ ಕರೆಂಟು ಹೋದರೆ ಒಂದು ನಮಾನ್ ಮರಿಯೆ ಜಪ ಮುಗಿಯುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು. ಸ್ಟ್ಯಾನಿ ಬೆಕ್ಕಿನ ಹೆಜ್ಜೆಯಲ್ಲಿ ಹಿಂದಿನ ಜಗಲಿಗೆ ಹೋಗಿ, ಮೀಟರ್ ಬೋರ್ಡಿನ ಬಿಳಿ ಪಿಂಗಾಣಿ ಫ್ಯೂಸನ್ನು ಹಿಡಿದು ಎಳೆದ.

ಚಟ್!

ಮನೆಯ ಫ್ಯಾನು ನಿಂತಿತು. ಸರಿ. ಆಚೆಮನೆ ಜೆಫ್ರಿಯವರ ಟಿವಿಯೂ ಬಾಯಿ ಮುಚ್ಚಿತು. ಈಚೆಮನೆಯ ಪಂಪು ನಿಂತಿತು. ಓಣಿಯ ಕೊನೆಯಲ್ಲಿ ತಿರುಗುತ್ತಿದ್ದ ಹಿಟ್ಟಿನ ಗಿರಣಿ ಕೂಡ ಗುರ್ರ್ ಎಂದು ನಿದ್ದೆಹೋಯಿತು.

ಸ್ಟ್ಯಾನಿ ಫ್ಯೂಸನ್ನು ತಿರುಗಿ ಒತ್ತಿದ. ಏನೂ ಬರಲಿಲ್ಲ. ತೆಗೆದು, ಊದಿ, ಮತ್ತೆ ಒತ್ತಿದ. ಇಲ್ಲ.

"ಯೇ ದೇವಾ! ಒಂದು ಮನೆಯದ್ದು ತೆಗೆಯಲಿಕ್ಕೆ ಹೋಗಿ ಇಡೀ ಊರಿನದ್ದು ತೆಗೆದೆನಲ್ಲ!"

ಇನ್ನೊಮ್ಮೆ ಮುಟ್ಟಿದರೆ ಮಂಗಳೂರಿನವರೆಗೂ ಕತ್ತಲಾಗಬಹುದು ಎಂದು ಹೆದರಿ, ಕೊಲೆಗಾರ ಚೂರಿ ಅಡಗಿಸುವ ಹಾಗೆ ಫ್ಯೂಸನ್ನು ಪ್ಯಾಂಟಿನ ಕಿಸೆಗೆ ತುರುಕಿ ಅಂಗಳಕ್ಕೆ ಓಡಿದ.

"ಇಲ್ಲಿ ನೋಡಿ, ಲವಿಟಾ ಮಾತಾಡ್ತಾ ಮಾತಾಡ್ತಾ ಮಾಯ!" ಎಂದು ಬರ್ತಾ ಲ್ಯಾಪ್‌ಟಾಪು ಎತ್ತಿಕೊಂಡು ಹೊರಗೆ ಬಂದಳು. ಸ್ಟ್ಯಾನಿ ಬಾಯಿ ಬಿಡದೆ ಅವಳನ್ನು ವ್ಯಾನಿಗೆ ಕರೆದೊಯ್ದು ವಯರು ಚುಚ್ಚಿದ. ಮೊಬೈಲಿನ ಇಂಟರ್ನೆಟ್ಟಿನಲ್ಲಿ ಲವಿಟಾ ಮತ್ತೆ ಮೂಡಿದಳು. ಬರ್ತಾ ಗಂಡನನ್ನೂ ಪೆಟ್ಟಿಗೆಯನ್ನೂ ಒಮ್ಮೆ ನೋಡಿ, "ಅಡ್ಡಿಲ್ಲ," ಎಂದಳು.

ಮದುವೆಯಾದಾಗಿನಿಂದ ಅವಳ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು. ಆದರೆ ಅದನ್ನು ಅನುಭವಿಸಲು ಸ್ಟ್ಯಾನಿಗೆ ಪುರುಸೊತ್ತು ಸಿಗಲಿಲ್ಲ.

"ಅಂಕಲ್! ನಿಮ್ಮ ವ್ಯಾನಲ್ಲಿ ಕರೆಂಟ್ ಉಂಟಂತೆ!" ಎದುರುಮನೆಯ ಶಾರ್ಲೆಟ್ ಲ್ಯಾಪ್‌ಟಾಪು ಅಪ್ಪಿಕೊಂಡು ಗೇಟಿನಲ್ಲಿ ನಿಂತಿದ್ದಳು. ಮಣಿಪಾಲದ ಒಂದು ಕಂಪನಿಗೆ ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. "ಈಗ ಮೀಟಿಂಗ್ ಉಂಟು. ನಾನು ಕಾಣದಿದ್ರೆ ನಮ್ಮ ಮ್ಯಾನೇಜರ್ ಸಂಬಳವನ್ನೂ ಕಾಣಿಸುವುದಿಲ್ಲ!"

ಆಗುವುದಿಲ್ಲ ಎನ್ನಲು ಸ್ಟ್ಯಾನಿ ಬಾಯಿ ತೆರೆದ. ಕಿಸೆಯಲ್ಲಿದ್ದ ಫ್ಯೂಸು ತೊಡೆಗೆ ಚುಚ್ಚಿತು. "ಬಾ ಮಗಾ, ಬಾ," ಎಂದ.

ಅವಳ ಹಿಂದೆಯೇ ಜೆಫ್ರಿಯವರು ಬಂದರು. ಮುಖದ ಬಲಭಾಗ ನುಣ್ಣಗೆ ಬೋಳು, ಎಡಭಾಗದಲ್ಲಿ ಗುಬ್ಬಿ ಗೂಡು ಕಟ್ಟುವಷ್ಟು ಗಡ್ಡ. ಕೈಯಲ್ಲಿ ಸತ್ತ ಟ್ರಿಮ್ಮರ್.

"ಎಂತ ಇದು ಮಾರಾಯ್ರೆ?" ಸ್ಟ್ಯಾನಿ ಬೆಚ್ಚಿಬಿದ್ದ.

"ಅರ್ಧ ತೆಗೆಯುವಾಗ ಕರೆಂಟ್ ಹೋಯ್ತು! ರಾತ್ರಿ ಉಡುಪಿಯಲ್ಲಿ ನನ್ನ ತಂಗಿ ಮಗಳ ನಿಶ್ಚಿತಾರ್ಥ ಉಂಟು. ಹೀಗೆ ಹೋದ್ರೆ ಗಂಡಿನ ಕಡೆಯವರು ಸಂಬಂಧವೇ ಬೇಡ ಅಂತಾರೆ." ಜೆಫ್ರಿ ಟ್ರಿಮ್ಮರನ್ನು ಚಾರ್ಜಿಗೆ ಹಾಕಿ ಮಂಚದ ಮೇಲೆ ತಳವೂರಿದರು. "ಯಾವನೋ ಬೇವರ್ಸಿ ಕೈ ಹಾಕಿದ್ದಾನೆ ಸ್ಟ್ಯಾನಿ. ಲೈನ್‌ಮ್ಯಾನ್ ಬರಲಿ, ಹುಡುಕಿಸಿ ಸ್ಟೇಶನ್ನಿಗೆ ಕೊಡಿಸ್ತೇನೆ!"

ಸ್ಟ್ಯಾನಿಗೆ ಬೆವರು ಇಳಿಯಿತು. "ಫ್ಯಾನ್ ಹಾಕ್ಲಾ ಜೆಫ್ರಿ?" ಎಂದು ಕೇಳಿ ಫ್ಯಾನೂ ಹಾಕಿದ.

ಮಧ್ಯಾಹ್ನವಾಗುವುದರೊಳಗೆ ಆ ಮಂಚದ ಮೇಲೆ ಮೊಬೈಲುಗಳು ಮೀನು ಮಾರ್ಕೆಟಿನ ಬಂಗುಡೆಗಳ ಹಾಗೆ ಸಾಲಾಗಿ ಮಲಗಿದ್ದವು. ಇನ್ವರ್ಟರಿನ ಮೇಲಿನ ಹಸಿರು ಗೆರೆಗಳು ಒಂದೊಂದಾಗಿ ಆರುತ್ತಿದ್ದವು. ಕಾಪು ಮುಗಿದು ಕೆಲವು ಪಡುಬಿದ್ರಿಯ ನೆಂಟರ ಮೊಬೈಲುಗಳೂ ಬಂದಿವೆಯೇನೋ ಎಂಬ ಅನುಮಾನ ಸ್ಟ್ಯಾನಿಗೆ. ಯಾರಿಗಾದರೂ ಇಲ್ಲ ಎನ್ನಬೇಕೆಂದು ಅನಿಸಿದಾಗೆಲ್ಲ ಫ್ಯೂಸು ಚುಚ್ಚುತ್ತಿತ್ತು.

ಸಂಜೆಯ ಹೊತ್ತಿಗೆ ಬಂದವಳು ರತ್ನವ್ವ. ಬಾಗಲಕೋಟೆ ಕಡೆಯವಳು; ಓಣಿಯ ಬಾಡಿಗೆ ಮನೆಯಲ್ಲಿ ಕಟ್ಟಡ ಕೆಲಸದವರಿಗೆ ರೊಟ್ಟಿ ಊಟ ಹಾಕುತ್ತಿದ್ದಳು. ಕಂಕುಳಲ್ಲಿ ಮಿಕ್ಸಿ.

"ಸಾವ್ಕಾರ್ರ, ಶೇಂಗಾ ಚಟ್ನಿ ಮುಂಜಾನಿಂದ ಅರ್ಧಕ್ಕ ನಿಂತೈತ್ರಿ. ಒಂದೀಟು ತಿರುವ್ಕೊಂಡು ಹೋಗ್ತೀನಿ."

"ಅಯ್ಯೋ ರತ್ನವ್ವ, ಇದು ಮೊಬೈಲಿಗೆ ಮಾತ್ರ. ಮಿಕ್ಸಿ ಎಳೆಯುವುದಿಲ್ಲ ಇದು!"

"ಅಷ್ಟು ದೊಡ್ಡ ಗಾಡಿ ಒಂದು ಮಿಕ್ಸರ್ ತಿರುವಂಗಿಲ್ಲೇನ್ರಿ? ಹಂಗಾರ ಯಾತಕ್ಕ ಇಟ್ಟೀರಿ, ಕೋಳಿ ಕೂಡಿ ಹಾಕಾಕಾ?"

ಬರ್ತಾ ಕಿಸಕ್ಕನೆ ನಕ್ಕಳು. ಸ್ಟ್ಯಾನಿಯ ಮರ್ಯಾದೆಗೆ ಕೈ ಹಾಕಿದಂತಾಯಿತು. "ಹಾಕು, ನೋಡುವ!" ಎಂದುಬಿಟ್ಟ.

ಮಿಕ್ಸಿ ಘರ್ರ್ ಎಂದು ಒಂದೇ ಸುತ್ತು ಹಾಕಿತು. ಇನ್ವರ್ಟರು ಬಾಲ ತುಳಿಸಿಕೊಂಡ ನಾಯಿಯಂತೆ ಕೀಂ ಎಂದು ಕಿರುಚಿ ಸತ್ತಿತು. ರತ್ನವ್ವ ಗಾಬರಿಯಿಂದ ಮುಚ್ಚಳ ತೆಗೆದಳು. ಸ್ಟ್ಯಾನಿ ಅದಕ್ಕಿಂತ ಗಾಬರಿಯಿಂದ ಪೆಟ್ಟಿಗೆಯ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದ. ಮಿಕ್ಸಿ ತೆರೆದ ಬಾಯಲ್ಲೇ ತಿರುಗಿತು. ಚಟ್ನಿ ವ್ಯಾನಿನ ಚಾವಣಿಗೆ ಹಾರಿ, ಅಲ್ಲಿಂದ ಜೆಫ್ರಿಯವರ ಬೋಳು ಕೆನ್ನೆಗೆ ಇಳಿಯಿತು.

"ಯಾರದು ನಿನ್ನ ಹಿಂದೆ?" ಎಂದು ಶಾರ್ಲೆಟ್‌ಳ ಮ್ಯಾನೇಜರು ಸಂಜೆಯ ಇನ್ನೊಂದು ಮೀಟಿಂಗಿನಲ್ಲಿ ಲ್ಯಾಪ್‌ಟಾಪಿನೊಳಗಿಂದ ಚೀರಿದ. ಪಾಪ, ಅವನಿಗೆ ಕಂಡದ್ದು ಒಂದು ಬದಿ ಗಡ್ಡ, ಇನ್ನೊಂದು ಬದಿ ಚಟ್ನಿ ಇರುವ ಮುಖ.

"ಸರ್, ಅದು... ನಮ್ಮ ನೆರೆಮನೆಯವರು. ಒಳ್ಳೆಯವರೇ ಸರ್."

ಸ್ಟ್ಯಾನಿ ಮಿಕ್ಸಿಯ ವಯರು ಕಿತ್ತೆಸೆದ. ಇನ್ವರ್ಟರಿನಲ್ಲಿ ಉಳಿದದ್ದು ಒಂದೇ ಹಸಿರು ಗೆರೆ. ಅದೇ ಹೊತ್ತಿಗೆ ಗೇಟಿನಲ್ಲಿ ಕ್ರೇನ್ ಬಂದು ನಿಂತಿತು. ಗುಜರಿಯ ಉಜ್ವಲ್ ಕೆಳಗಿಳಿದು, "ಬಾಯಮ್ಮ, ಇದೇ ಅಲ್ವಾ ಮಾಲು?" ಎಂದ.

ಸ್ಟ್ಯಾನಿ ವ್ಯಾನಿನಿಂದ ಕೆಳಗೆ ಹಾರಿದ. ಆದರೆ ಅವನು ಮಾತಾಡುವ ಮೊದಲೇ ಓಣಿ ಮಾತಾಡಿತು.

"ಇದನ್ನು ಮುಟ್ಟಿದ್ರೆ ಜಾಗ್ರತೆ! ಈ ಮೊಬೈಲುಗಳ ನೂಕಾಟದಲ್ಲಿ ನನ್ನ ಟ್ರಿಮ್ಮರ್ ಅರ್ಧ ಚಾರ್ಜ್ ಆದದ್ದಷ್ಟೇ!" ಎಂದು ಜೆಫ್ರಿ ಬಾಗಿಲಿಗೆ ಅಡ್ಡ ನಿಂತರು.

"ಆಂಟಿ, ಪ್ಲೀಸ್, ಕೊಡ್ಬೇಡಿ! ನನ್ನ ಕೆಲಸ ಇದರಲ್ಲೇ ಉಂಟು!"

"ಬ್ಯಾಡ್ರಿ ಬಾಯಾರ, ಪಾಪ, ಛಲೋ ಗಾಡಿ ಐತಿ," ಎಂದು ರತ್ನವ್ವ ಚಾವಣಿಯ ಚಟ್ನಿ ಒರೆಸುತ್ತ ಹೇಳಿದಳು.

ಉಜ್ವಲ್ ಎಲ್ಲರನ್ನೂ ನೋಡಿ, ಮೆಲ್ಲಗೆ ತನ್ನ ಮೊಬೈಲು ಹೊರತೆಗೆದ. "ಇರಲಿ ಬಿಡಿ. ಒಂದು ಪಿನ್ ಖಾಲಿ ಉಂಟಾ? ನನ್ನದೂ ಸತ್ತಿದೆ."

ಬರ್ತಾ ತುಂಬ ಹೊತ್ತು ವ್ಯಾನು ನೋಡಿದಳು. ಬ್ಯಾಟರಿ ನೋಡಿದಳು. "ಇವತ್ತು ಬೇಡ ಉಜ್ವಲ್. ನಾನು ಫೋನ್ ಮಾಡ್ತೇನೆ," ಎಂದಳು.

ಸ್ಟ್ಯಾನಿಯ ಎದೆಯಿಂದ ಕ್ರೇನೇ ಇಳಿದುಹೋದಂತಾಯಿತು. ಅಷ್ಟರಲ್ಲಿ ಲೈನ್‌ಮ್ಯಾನ್ ಬೈಕಿನಲ್ಲಿ ಬಂದು, ಬೆವರು ಒರೆಸಿಕೊಂಡು ಕೇಳಿದ: "ಜೆಫ್ರಿಯವರು ಯಾರು? ನಿಮ್ಮ ತೆಂಗಿನ ಮರದ ಮಡಲು ಬೆಳಿಗ್ಗೆ ತಂತಿ ಮೇಲೆ ಬಿದ್ದು ಇಡೀ ಲೈನ್ ಹೋಗಿತ್ತು. ಎಷ್ಟು ಸಲ ಹೇಳುವುದು ಮಾರಾಯ್ರೆ, ಮಡಲು ತೆಗೆಸಿ ಅಂತ?"

ಎಲ್ಲರೂ ಜೆಫ್ರಿಯ ಕಡೆ ತಿರುಗಿದರು. ಜೆಫ್ರಿ ಇದ್ದ ಅರ್ಧ ಗಡ್ಡದಲ್ಲಿ ಮುಖ ಮರೆಸಿಕೊಳ್ಳಲು ನೋಡಿದರು. ಸ್ಟ್ಯಾನಿ ಮಾತ್ರ ಇಗರ್ಜಿಯ ಕಡೆ ಮುಖ ಮಾಡಿ ಶಿಲುಬೆಯ ಗುರುತು ಹಾಕಿದ. ನಾನಲ್ಲ! ಊರಿನ ಕರೆಂಟು ತೆಗೆದದ್ದು ನಾನಲ್ಲ! ಜೆಫ್ರಿಯನ್ನು ಅಪ್ಪಿಕೊಳ್ಳಬೇಕೆನಿಸಿತು, ಚಟ್ನಿ ಇದ್ದುದರಿಂದ ಬಿಟ್ಟ.

ಕರೆಂಟು ಬಂತು. ಪಂಪು ಕೂಗಿತು, ಟಿವಿ ಬಾಯಿ ಬಿಟ್ಟಿತು, ಗಿರಣಿ ಗೊರಕೆ ಶುರು ಮಾಡಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ವ್ಯಾನು ಖಾಲಿ. ಮೊಬೈಲುಗಳೆಲ್ಲ ಹೊಟ್ಟೆ ತುಂಬಿಸಿಕೊಂಡು ಮನೆ ಸೇರಿದವು. ಇನ್ವರ್ಟರಿನ ಕೊನೆಯ ಗೆರೆಯೂ ಆರಿತು.

ಓಣಿಯ ಮನೆಗಳಲ್ಲೆಲ್ಲ ದೀಪ. ಸ್ಟ್ಯಾನಿಯ ಮನೆ ಮಾತ್ರ ಕಪ್ಪಗೆ.

"ನಿಮ್ಮದಕ್ಕೆ ಬರ್ಲಿಲ್ವಾ?" ಲೈನ್‌ಮ್ಯಾನ್ ಬೈಕು ನಿಲ್ಲಿಸಿದ. "ಬೋರ್ಡ್ ನೋಡ್ತೇನೆ."

"ಬೇಡ ಬೇಡ! ನಮ್ಮದು ಯಾವಾಗಲೂ ಸ್ವಲ್ಪ ತಡ!" ಎಂದು ಸ್ಟ್ಯಾನಿ ಅವನನ್ನು ಹೆಚ್ಚುಕಡಿಮೆ ದೂಡಿಯೇ ಕಳಿಸಿ ಹಿಂದಿನ ಜಗಲಿಗೆ ಓಡಿದ. ಮಬ್ಬುಗತ್ತಲೆಯಲ್ಲಿ ಕಿಸೆಯಿಂದ ಫ್ಯೂಸು ತೆಗೆದು ಬೋರ್ಡು ತಡಕಾಡಿದ.

ಫಕ್ಕನೆ ಹಿಂದಿನಿಂದ ಮೊಬೈಲಿನ ಬೆಳಕು ಬಿತ್ತು.

"ಸ್ವಲ್ಪ ಎಡಕ್ಕೆ," ಎಂದಳು ಬರ್ತಾ. "ಬೆಳಿಗ್ಗೆ ತೆಗೆಯುವಾಗ ಎಷ್ಟು ಚಂದ ತೆಗೆದಿರಿ. ಈಗ ಎಂತ ಆಯ್ತು?"

"ನೀನು... ನೋಡಿದಿಯಾ?"

"ಫ್ಯಾನ್ ನಿಂತದ್ದೇ ಎದ್ದು ಬಂದೆ. ನೀವು ಫ್ಯೂಸಿಗೆ ಊದುತ್ತಾ ಇದ್ರಿ."

ಫ್ಯೂಸು ಕೂತಿತು. ಜಗಲಿಯ ದೀಪ ಸ್ಟ್ಯಾನಿಯ ಮುಖದ ಮೇಲೇ ಹೊತ್ತಿತು.

"ಓಣಿಯಲ್ಲಿ ಯಾರಿಗೂ ಹೇಳುವುದಿಲ್ಲ, ಹೆದರಬೇಡಿ," ಎಂದಳು ಬರ್ತಾ. "ಮತ್ತೆ ನೀವು ಹೇಳಿದ್ದೂ ಸರಿ. ಇವತ್ತು ಬೆಲೆ ಗೊತ್ತಾಯ್ತು ನನಗೆ."

"ಗೊತ್ತಾಯ್ತಲ್ಲ? ನಾನು ಹೇಳಿಲ್ವಾ!"

"ಹೌದು. ಆದ್ರೆ ದಿನವಿಡೀ ನೋಡಿದೆ. ಎಲ್ಲರೂ ಚುಚ್ಚಿದ್ದು ಬ್ಯಾಟರಿಗೆ. ವ್ಯಾನಿಗೆ ಯಾರೂ ಎಂತದ್ದೂ ಚುಚ್ಚಲಿಲ್ಲ." ಅವಳು ಮೊಬೈಲು ಕಿವಿಗಿಟ್ಟಳು. "ಹಲೋ ಉಜ್ವಲ್, ನಾಳೆ ಬಾ. ಬ್ಯಾಟರಿಯನ್ನೂ ಆ ಪೆಟ್ಟಿಗೆಯನ್ನೂ ಬಿಚ್ಚಿ ಮೆಟ್ಟಿಲಿನ ಅಡಿಗೆ ಇಟ್ಟುಕೊಡು. ಉಳಿದದ್ದು ತಗೊಂಡು ಹೋಗು."

ಈಗ ಆ ಮೂಲೆಯಲ್ಲಿ ಮಲ್ಲಿಗೆ ಗಿಡಗಳು ಚಿಗುರಿವೆ. ಬರ್ತಾ ಕನಿಕರಪಟ್ಟು ಉಳಿಸಿಕೊಟ್ಟ ಡ್ರೈವರ್ ಸೀಟನ್ನು ಜಗಲಿಯಲ್ಲಿ ಹಾಕಿಕೊಂಡು, ಸ್ಟ್ಯಾನಿ ಸಂಜೆ ಹೊತ್ತು ಅದರಲ್ಲಿ ಕೂತು ಆಕಾಶ ನೋಡುತ್ತಾನೆ. ಓಣಿಗೆ ವಿಷಯ ಗೊತ್ತಾಗಲಿಲ್ಲವಲ್ಲ ಎಂದು ಆಗಾಗ ನೆಮ್ಮದಿಯ ಉಸಿರು ಬಿಡುತ್ತಾನೆ. ಕರೆಂಟು ಆಮೇಲೆ ಒಮ್ಮೆಯೂ ಹೋಗಿಲ್ಲ. ಕಳಿಸುವ ಹಾಗೂ ಇಲ್ಲ. ಮೀಟರ್ ಬೋರ್ಡಿಗೆ ಬರ್ತಾ ಬಾಗಿಲು ಮಾಡಿಸಿ ಬೀಗ ಹಾಕಿದ್ದಾಳೆ.